ನೀಲಿ ಲಂಗರಿನ ಮಗ್

ತನ್ನ ಕೆಲಸ ಕಳೆಯುವ ವಾಕ್ಯವನ್ನು ಧನರಾಜ್ ತಾನೇ ಟೈಪ್ ಮಾಡಿದ, ಒಂದಕ್ಷರವೂ ತಪ್ಪದೆ.

ಅದು 1991ರ ಸೆಪ್ಟೆಂಬರ್. ಇರಾಕಿನ ಸೈನ್ಯ ಕುವೈತ್ ಬಿಟ್ಟು ಆರು ತಿಂಗಳು ಕಳೆದಿದ್ದರೂ ಅವರು ಬೆಂಕಿ ಹಚ್ಚಿಹೋದ ಎಣ್ಣೆ ಬಾವಿಗಳು ದಕ್ಷಿಣದಲ್ಲಿ ಇನ್ನೂ ಉರಿಯುತ್ತಿದ್ದವು. ದೇಶದ ಸಲಹಾಸಭೆಯಾದ ರಾಷ್ಟ್ರೀಯ ಮಂಡಳಿಯ ಸದಸ್ಯರು, ಧನರಾಜ್ ಗುಮಾಸ್ತನಾಗಿದ್ದ ವಾಣಿಜ್ಯ ಖಾತೆಯ ಮಂತ್ರಿಗೆ ಮೂರು ಪ್ರಶ್ನೆ ಕಳಿಸಿದ್ದರು. ನಮ್ಮ ಹುಡುಗರು ಕೆಲಸವಿಲ್ಲದೆ ಕೂತಿರುವಾಗ ನಿಮ್ಮ ಕಚೇರಿಯಲ್ಲಿ ಪರದೇಶದ ಗುಮಾಸ್ತರೇಕೆ? ಶುವೈಖ್ ಬಂದರಿನಲ್ಲಿ ವ್ಯಾಪಾರಿಗಳು ಪರವಾನಗಿಗಾಗಿ ವಾರಗಟ್ಟಲೆ ಕಾಯುವುದೇಕೆ? ಇರಾಕಿನವರು ಇಲ್ಲಿ ಕೂತಿದ್ದ ಏಳು ತಿಂಗಳಲ್ಲಿ ನಿಮ್ಮ ನೌಕರರ ಪೈಕಿ ಅವರ ಚಾಕರಿ ಮಾಡಿದವರು ಯಾರು? ಮೊದಲ ಪ್ರಶ್ನೆಗೆ ಅವನು ಟೈಪ್ ಮಾಡಿದ ಮಂತ್ರಿಯ ಉತ್ತರ ಚಿಕ್ಕದಾಗಿತ್ತು: ಇನ್ನು ಮೇಲೆ ಪ್ರತಿ ವಿಭಾಗದಲ್ಲಿ ಒಬ್ಬನೇ ಪರದೇಶಿ ಗುಮಾಸ್ತ ಇರುತ್ತಾನೆ.

ಪರವಾನಗಿ ವಿಭಾಗದಲ್ಲಿ ಇಬ್ಬರಿದ್ದರು. ಒಬ್ಬ ಧನರಾಜ್, ಇನ್ನೊಬ್ಬ ಮಂಗಳೂರಿನ ಕೊನ್ರಾಡ್. ಕೊನ್ರಾಡ್ ಹಿರಿಯ. ಅವನಿಗೆ ಅರಬಿ ಬರುತ್ತಿತ್ತು. ಬಂದರಿನ ವ್ಯಾಪಾರಿಗಳು ಅವನನ್ನು ಹೆಸರು ಹಿಡಿದು ಕರೆದು ಖರ್ಜೂರ ಕೊಡುತ್ತಿದ್ದರು. ಇಬ್ಬರಲ್ಲಿ ಉಳಿಯುವವನು ಯಾರು ಎಂದು ತಿಳಿಯಲು ಜೋಯಿಸರು ಬೇಕಿರಲಿಲ್ಲ.

ಮನೆಗೆ ಹೋಗುವುದೆಂದರೇನು ಎಂದು ಧನರಾಜ್‌ಗೆ ಚೆನ್ನಾಗಿ ಗೊತ್ತಿತ್ತು. ಯುದ್ಧದ ಕಾಲಕ್ಕೆ ಮೂಲ್ಕಿಯಲ್ಲಿ ಹೆಂಡತಿ ವಾರಿಜಾಳ ತವರಿನ ಜಗಲಿಯಲ್ಲಿ ತಿಂಗಳುಗಟ್ಟಲೆ ಕೂತವನು ಅವನು. ಹಿಂದೆ ಅವನ ಸೂಟ್‌ಕೇಸ್ ಹೊರಲು ರಿಕ್ಷಾದ ತನಕ ಓಡಿಬರುತ್ತಿದ್ದ ಅವಳ ತಮ್ಮ, ಈ ಬಾರಿ ದಿನಾ ಹಲ್ಲುಜ್ಜುತ್ತಾ ಕೇಳುತ್ತಿದ್ದ, "ಭಾವ, ಪುನಃ ಯಾವಾಗ ಹೋಗುವುದು?" ವಾರಿಜಾ ಏನನ್ನೂ ಕೇಳುತ್ತಿರಲಿಲ್ಲ. ಅವನಿಗೆ ಸಹಿಸಲಾಗದೆ ಹೋದದ್ದು ಅದೇ. ಆ ಜಗಲಿಯಲ್ಲಿ ಇನ್ನೊಮ್ಮೆ ಕೂರುವುದಿಲ್ಲ ಎಂದು ಅವನು ವಿಮಾನ ಹತ್ತುವಾಗಲೇ ನಿಶ್ಚಯಿಸಿದ್ದ.

ಆದ್ದರಿಂದ ಮೂರನೆಯ ಪ್ರಶ್ನೆಯನ್ನು ಅವನು ಮತ್ತೆ ಮತ್ತೆ ಓದಿದ. ಅದಕ್ಕೆ ಉತ್ತರ ಇನ್ನೂ ಬರೆದಿರಲಿಲ್ಲ.

ಆಗ ಕುವೈತಿನಲ್ಲಿ ಸಲಾಮಿನ ಹಿಂದೆಯೇ ಬರುತ್ತಿದ್ದ ಮಾತು, 'ಆ ಏಳು ತಿಂಗಳು ನೀನೆಲ್ಲಿದ್ದೆ?' ಬೇಕರಿಯ ಸಾಲಿನಲ್ಲಿ, ಬಸ್ಸಿನಲ್ಲಿ, ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಕಣ್ಣಿನಲ್ಲೇ ತೂಗುತ್ತಿದ್ದರು. ಧನರಾಜ್‌ಗೆ ಮಂತ್ರಿಗಳ ಬಗ್ಗೆ ಒಂದು ಸಿದ್ಧಾಂತವಿತ್ತು. ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವನಿಗೆ ಬೇಕಾಗುವುದು ಸತ್ಯವಲ್ಲ, ಒಂದು ಹೆಸರು. ಮೇಜಿನ ಮೇಲೆ ಹೆಸರು ತಂದಿಟ್ಟರೆ ಮಂತ್ರಿ ಸಹಿ ಹಾಕುತ್ತಾನೆ, ಊಟಕ್ಕೆ ಹೋಗುತ್ತಾನೆ. ಹನ್ನೊಂದು ವರ್ಷ ಅದನ್ನೇ ನೋಡಿದ್ದ.

ಹೆಸರನ್ನು ತಂದಿಡುವ ವಸ್ತುವೂ ಅವನ ಬಳಿ ಇತ್ತು. ಜೂನ್‌ನಲ್ಲಿ ಕೆಲಸಕ್ಕೆ ಮರಳಿದ ಮೊದಲ ದಿನ, ಲೂಟಿಯಾದ ಕಚೇರಿಯಲ್ಲಿ ಕಪಾಟಿನ ಹಿಂದೆ ಅವನಿಗೆ ಕೊನ್ರಾಡನ ಚಹಾದ ಮಗ್ ಸಿಕ್ಕಿತ್ತು. ಬಿಳಿ ಪಿಂಗಾಣಿಯ ಮೇಲೆ ನೀಲಿ ಲಂಗರಿನ ಚಿತ್ರ. ಆ ಮಹಡಿಯಲ್ಲಿ ಅದನ್ನು ತಿಳಿಯದವರಿರಲಿಲ್ಲ. ಕೊಡೋಣವೆಂದೇ ಚೀಲಕ್ಕೆ ಹಾಕಿಕೊಂಡಿದ್ದ. ಮಾರನೆಯ ದಿನ ಕೊನ್ರಾಡ್ ಬಂದು ಕಪಾಟಿನ ಎದುರು ನಿಂತು ಗೋಳಾಡಿದ, "ಎಲ್ಲ ಹೋಗಲಿ ಮಾರಾಯಾ, ನನ್ನ ಮಗ್ ಎಂಥಕ್ಕೆ ಬೇಕಿತ್ತು ಅವರಿಗೆ? ನನ್ನ ಭಾವ ಹಡಗಿನಲ್ಲಿದ್ದಾಗ ತಂದುಕೊಟ್ಟದ್ದು ಅದು." ಧನರಾಜ್ ಬಾಯಿ ತೆರೆಯಲಿಲ್ಲ. ಯಾಕೆಂದು ಆಗ ಅವನಿಗೇ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಅವರ ಮಹಡಿಯ ಕೊನೆಯಲ್ಲಿ ಒಂದು ಕೋಣೆ. ಆಕ್ರಮಣದ ಕಾಲದಲ್ಲಿ ಇರಾಕಿನ ಅಧಿಕಾರಿಯೊಬ್ಬ ಅಲ್ಲಿ ಕೂತು ಆಡಳಿತ ನಡೆಸಿದ್ದ. ಮಂತ್ರಿ ಅದಕ್ಕೆ ಬೀಗ ಹಾಕಿಸಿ, ತಾವು ನೋಡುವ ತನಕ ಯಾರೂ ಕಾಲಿಡಬಾರದೆಂದು ಆಜ್ಞೆ ಮಾಡಿದ್ದರು. ಉಳಿದ ಕೋಣೆಗಳನ್ನು ದಿನಕ್ಕೆರಡು ಬಾರಿ ಗುಡಿಸಿ ಒರೆಸುತ್ತಿದ್ದರು. ಆ ಕೋಣೆಯಲ್ಲಿ ಮಾತ್ರ ಒಡೆದ ಕಿಟಕಿಯಿಂದ ಬಂದ ಎಣ್ಣೆಯ ಮಸಿ ನೆಲ, ಮೇಜು, ಕುರ್ಚಿಗಳ ಮೇಲೆ ಹಾಗೇ ಕೂತಿತ್ತು. ಬುಧವಾರ ಸಂಜೆ ಮಂತ್ರಿ ಕೋಣೆ ತೆರೆಸಿ ನೋಡುವುದು, ಮರುದಿನ ಮಂಡಳಿಗೆ ಉತ್ತರ ಕೊಡುವುದು ಎಂದು ನಿಗದಿಯಾಗಿತ್ತು.

ಅಧಿಕಾರಿಯ ಮೇಜಿನ ಮೇಲೆ ಕೊನ್ರಾಡನ ಮಗ್ ಇರಬೇಕು, ಮಸಿಯ ಕೆಳಗೆ. ಅಷ್ಟಾದರೆ ಸಾಕು, ಉಳಿದದ್ದನ್ನು ನೋಡಿದವರೇ ಕಟ್ಟಿಕೊಳ್ಳುತ್ತಾರೆ.

ಬೀಗದ ಚಿಂತೆ ಇರಲಿಲ್ಲ. ಆ ಮಹಡಿಗೆ ತರಿಸಿದ್ದ ಅಗ್ಗದ ಬೀಗಗಳಿಗೆಲ್ಲ ಒಂದೇ ಕೀಲಿಕೈ ಆಗುತ್ತಿತ್ತು, ತರಿಸಿದವನು ಅವನೇ. ಮಸಿಯ ಚಿಂತೆಯೂ ಇರಲಿಲ್ಲ. ಅವನು ದಕ್ಷಿಣದ ಬಾವಿಗಳ ಹತ್ತಿರದ ಮಂಗಫ್‌ನಲ್ಲಿದ್ದ. ಗಾಳಿ ತಿರುಗಿದ ದಿನ ಬಾಲ್ಕನಿಯಲ್ಲಿ ಒಣಹಾಕಿದ ಬನಿಯನ್ ಕಪ್ಪಾಗುತ್ತಿತ್ತು. ಬಾಲ್ಕನಿಯ ಕಟ್ಟೆಯ ಮೇಲಿನ ಮಸಿಯನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ತುಂಬಿಸಿದ. ಚಹಾ ಸೋಸುವ ಜರಡಿಯಿಂದ ಉದುರಿಸಿದರೆ ಅದು ತಾನೇ ಬಿದ್ದಂತೆ ಬೀಳುತ್ತದೆ ಎಂದು ಅಡುಗೆಕೋಣೆಯಲ್ಲಿ ಪರೀಕ್ಷಿಸಿ ನೋಡಿದ. ಆಮೇಲೆ ಜರಡಿ ತೊಳೆದು ಚಹಾ ಮಾಡಿ ಕುಡಿದ.

ಉಳಿದದ್ದು ಸಾಕ್ಷಿಯ ಮಾತು. ಆಕ್ರಮಣವಾದಾಗ ಕೊನ್ರಾಡ್ ಮತ್ತು ಅವನು ಇದೇ ಮಂಗಫ್‌ನ ಮನೆಯಲ್ಲಿ ಒಟ್ಟಿಗೇ ಇದ್ದರು. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಒಂದೇ ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿಗೆ ಹೋದರು. ಮರುಭೂಮಿಯ ಡೇರೆಯಲ್ಲಿ ಕೊನ್ರಾಡ್ ತನ್ನ ಕಂಬಳಿಯನ್ನು ಅವನಿಗೆ ಹೊದೆಸಿ ತಾನು ಕೋಟು ಹೊದ್ದು ಮಲಗಿದ್ದ. ಅದನ್ನು ನೆನೆದರೆ ಧನರಾಜ್‌ಗೆ ಕೃತಜ್ಞತೆಗಿಂತ ಹೆಚ್ಚಾಗಿ ಕಿರಿಕಿರಿಯಾಗುತ್ತಿತ್ತು. ಕಂಬಳಿ ಕೇಳಿದವರು ಯಾರು?

ಸಿಕ್ಕಿಬಿದ್ದ ಕೊನ್ರಾಡ್ ಖಂಡಿತ ಅವನ ಕಡೆಗೇ ತಿರುಗುತ್ತಾನೆ. ಆಗ ಸುಳ್ಳು ಹೇಳುವ ಅಗತ್ಯವೇ ಇಲ್ಲ. ಆ ದಿನಗಳಲ್ಲಿ ಕೊನ್ರಾಡ್ ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನ ಬರುತ್ತಿದ್ದ. ಹೋಗುತ್ತಿದ್ದದ್ದು ಖುಬ್ಬೂಸಿನ ಸಾಲಿಗೆ, ಇಬ್ಬರ ಪಾಲಿನ ರೊಟ್ಟಿ ತರಲು. ಧನರಾಜ್ ಮೊದಲರ್ಧ ಹೇಳುತ್ತಾನೆ, ಉಳಿದರ್ಧ ಹೇಳುವುದಿಲ್ಲ. ಕೊನ್ರಾಡನನ್ನು ಏನು ಮಾಡುತ್ತಾರೆ? ಊರಿಗೆ ಕಳಿಸುತ್ತಾರೆ. ಮನೆ ಕಟ್ಟಿಸಿದ್ದಾನೆ, ಮಗಳು ಮಗ್ದಲೀನ್ ಟೀಚರ್ ಆಗಿದ್ದಾಳೆ, ಆರಾಮಾಗಿ ಇರಲಿ. ಜೈಲು ಎಂಬ ಪದ ಒಮ್ಮೆ ತಲೆಗೆ ಬಂತು. ಅವನು ಅದನ್ನು ಅಲ್ಲಿ ನಿಲ್ಲಗೊಡಲಿಲ್ಲ.

ಬುಧವಾರ ಮಧ್ಯಾಹ್ನ ಕಚೇರಿ ಮುಗಿದು ಎಲ್ಲರೂ ಊಟಕ್ಕೆ, ನಿದ್ದೆಗೆ ಹೋದರು. ಕೊನ್ರಾಡ್ ಬಂದರಿಗೆ ಹೊರಟಿದ್ದ. "ನೀನು ಬರುವುದಿಲ್ವಾ?" ಎಂದು ಕೇಳಿದ.

"ಇಲ್ಲ ಪೊರ್ಬುಗಳೇ, ಟೈಪ್ ಮಾಡಲಿಕ್ಕೆ ಉಂಟು," ಎಂದ ಧನರಾಜ್. ಊರಿನ ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಕರೆಯುವ ಆ ಹೆಸರಿನಿಂದಲೇ ಅವನು ಕೊನ್ರಾಡನನ್ನು ಕರೆಯುತ್ತಿದ್ದದ್ದು.

"ಊಟ ಬಿಡಬೇಡ ಮತ್ತೆ," ಎಂದು ಹೇಳಿ ಕೊನ್ರಾಡ್ ಹೋದ.

ಬೀಗ ತೆರೆಯಿತು. ಹೆಜ್ಜೆ ಗುರುತಿನ ಬಗ್ಗೆ ಧನರಾಜ್ ಬಹಳ ಯೋಚಿಸಿದ್ದ. ಬೂಟಿನ ಅಡಿಯ ಗೆರೆಗಳು ಮಸಿಯಲ್ಲಿ ಮುದ್ರೆ ಒತ್ತಿದಂತೆ ಮೂಡುತ್ತವೆ, ಮೇಲೆ ಉದುರಿಸಿದರೂ ಪೂರಾ ಮುಚ್ಚುವುದಿಲ್ಲ. ಹಾಗಾಗಿ ಬೂಟು ಬಿಚ್ಚಿ ಹೊರಗೆ ಪೇಪರಿನ ಮೇಲಿಟ್ಟು ಕಪ್ಪು ಕಾಲುಚೀಲದಲ್ಲೇ ನಡೆದ. ಮೇಜಿನ ಮೇಲೆ ಮಗ್ಗಿನ ತಳದಷ್ಟೇ ಜಾಗವನ್ನು ಬಟ್ಟೆಯಿಂದ ಒರೆಸಿದ. ಕೆಳಗೂ ಮಸಿ ಇದ್ದರೆ ಅದು ನಿನ್ನೆ ಮೊನ್ನೆ ಇಟ್ಟ ಮಗ್ ಎಂದು ಯಾವ ಮೂರ್ಖನಿಗೂ ತಿಳಿಯುತ್ತದೆ. ಒಳಗೆ ಮೊದಲೇ ಚಹಾ ಒಣಗಿಸಿ ಕಲೆ ಮಾಡಿಟ್ಟಿದ್ದ. ಮಗ್ ಇಟ್ಟು, ಅದರ ಮೇಲೆ ಜರಡಿ ಆಡಿಸಿ, ಹಿಂದೆ ಹಿಂದೆ ನಡೆಯುತ್ತಾ ತಾನು ತುಳಿದಲ್ಲೆಲ್ಲ ಮಸಿ ಉದುರಿಸುತ್ತಾ ಬಾಗಿಲಿಗೆ ಬಂದ. ನಿಂತು ನೋಡಿದ. ಯಾರೂ ಬಂದೇ ಇರಲಿಲ್ಲ. ತನ್ನ ಕೆಲಸದ ಬಗ್ಗೆ ಅವನಿಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ಬೂಟು ಹಾಕಿಕೊಂಡು ಬೀಗ ಹಾಕಿದ. ಕೈಗಳನ್ನು ಬಟ್ಟೆ ತೊಳೆಯುವ ಪುಡಿಯಲ್ಲಿ ಉಜ್ಜಿ, ಉಗುರಿನ ಸಂದಿಯನ್ನೂ ಬಿಡದೆ ತೊಳೆದ. ಪ್ಯಾಂಟಿನ ಅಂಚನ್ನು ಒದ್ದೆ ಕರವಸ್ತ್ರದಿಂದ ಒರೆಸಿದ. ಡಬ್ಬ, ಜರಡಿ, ಬಟ್ಟೆಯನ್ನು ಪೇಪರಿನಲ್ಲಿ ಸುತ್ತಿ ಎರಡು ಬೀದಿ ಆಚೆಯ ಕಸದ ತೊಟ್ಟಿಗೆ ಹಾಕಿ ಬಂದು, ಬೂಟಿಗೆ ಪಾಲಿಶ್ ಹಚ್ಚಿ ಊಟಕ್ಕೆ ಕೂತ. ಊಟ ಬಿಡಲಿಲ್ಲ.

ಸಂಜೆ ಮಂತ್ರಿ ಬಂದರು. ದಿಶ್ದಾಶಾ ಎಂಬ ಬಿಳಿ ನಿಲುವಂಗಿ ತೊಟ್ಟ ಸಣಕಲು ಮನುಷ್ಯ. ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡವರೆಂದು ಜನ ಹೇಳುತ್ತಿದ್ದರು. ಜೊತೆಗೆ ವಿಚಾರಣಾ ಸಮಿತಿಯ ಇಬ್ಬರು. ಅದೇ ಮಹಡಿಯವರೆಂದು ಕೊನ್ರಾಡ್ ಮತ್ತು ಧನರಾಜ್‌ನನ್ನೂ ಕರೆದರು. ಮಂತ್ರಿ ಹೊಸ್ತಿಲಲ್ಲಿ ನಿಂತು ನೆಲವನ್ನು ಸುಮಾರು ಹೊತ್ತು ನೋಡಿದರು. ಆಮೇಲೆ ಒಳಗೆ ಹೋದರು. ಹಿಂದೆಯೇ ಕೊನ್ರಾಡ್ ಹೋದ. ಧನರಾಜ್ ಹೊರಗೇ ಉಳಿದ.

"ನನ್ನ ಮಗ್!" ಎಂದು ಕೊನ್ರಾಡ್ ಕೂಗಿದ. ಕಳೆದ ಮಗು ಸಿಕ್ಕಿದವನಂತೆ ಮುಖ ಅರಳಿತ್ತು. "ಧನು, ನೋಡು ಮಾರಾಯಾ, ಸಿಕ್ಕಿತು!" ಎಂದವನು ಮಂತ್ರಿಗೂ ಅರಬಿಯಲ್ಲಿ ಅದನ್ನೇ ಹೇಳಿದ. ಇಷ್ಟನ್ನು ಧನರಾಜ್ ಕೂಡ ಎಣಿಸಿರಲಿಲ್ಲ. ಹೆಸರನ್ನು ತಂದಿಡುವ ಕಷ್ಟವನ್ನೂ ಆ ಮನುಷ್ಯ ಅವನಿಗೆ ಬಿಡಲಿಲ್ಲ.

ಮಂತ್ರಿ ಪೆನ್ನಿನ ತುದಿಯಿಂದ ಮಗ್ಗನ್ನು ಸರಿಸಿದರು. ಕೆಳಗೆ ಮಸಿ ತಾಗದ ವೃತ್ತ. ಒಳಗೆ ಒಣಗಿದ ಚಹಾ. ಕೊನ್ರಾಡನ ಮುಖ ನಿಧಾನಕ್ಕೆ ಕಳೆಗುಂದಿತು.

"ಆ ದಿನಗಳಲ್ಲಿ ನೀನೆಲ್ಲಿದ್ದೆ?" ಎಂದರು ಮಂತ್ರಿ.

"ಮಂಗಫ್‌ನಲ್ಲಿ, ಸರ್. ಇವನೊಟ್ಟಿಗೆ. ಧನು, ನೀನು ಹೇಳು ಮಾರಾಯಾ."

ಧನರಾಜ್ ತಲೆ ತಗ್ಗಿಸಿ, ಹೇಳಲು ಮನಸ್ಸಿಲ್ಲದವನಂತೆ ಹೇಳಿದ, "ಒಟ್ಟಿಗೇ ಇದ್ದೆವು ಸರ್. ಬೆಳಿಗ್ಗೆ ಹೋದರೆ ಮಧ್ಯಾಹ್ನ ಬರುತ್ತಿದ್ದರು. ನಾನು ಮನೆಯಲ್ಲೇ ಇರುತ್ತಿದ್ದೆ."

"ಖುಬ್ಬೂಸ್ ತರಲಿಕ್ಕಲ್ವಾ ಧನು?" ಕೊನ್ರಾಡನ ಸ್ವರ ತೀರಾ ಸಣ್ಣದಾಗಿತ್ತು. ಧನರಾಜ್ ಕೇಳಿಸದಂತೆ ನಿಂತ.

ಮಂತ್ರಿ ಅವನ ಕಡೆಗೆ ತಿರುಗಿದರು. "ನೀನು ಈ ಕೋಣೆಗೆ ಬಂದದ್ದುಂಟೇ?"

"ಇಲ್ಲ ಸರ್, ಯಾವತ್ತೂ ಇಲ್ಲ. ನಿಮ್ಮ ಆಜ್ಞೆ ಇತ್ತಲ್ಲ? ಈಗಲೂ ಒಳಗೆ ಬಂದಿಲ್ಲ."

ಮಂತ್ರಿ ಅವನ ಹೊಳೆಯುವ ಬೂಟುಗಳನ್ನು ನೋಡಿದರು. ತಲೆಯಾಡಿಸಿದರು. "ನಾಳೆ ಎದ್ದು ನಿಂತು ಉತ್ತರ ಕೊಡಬೇಕಾದವನು ನಾನು. ಒಬ್ಬನ ಹೆಸರು ಹೇಳುವ ಮೊದಲು ಕೂತು ಕೇಳಬೇಕು. ಇಬ್ಬರೂ ನನ್ನ ದಿವಾನಿಯಾಕ್ಕೆ ಬನ್ನಿ, ಈಗಲೇ. ಯಲ್ಲಾ, ನಡೆಯಿರಿ."

ಮಂತ್ರಿಯ ಕಾರೇ ಅವರನ್ನು ಕರೆದೊಯ್ದಿತು. ದಾರಿಯುದ್ದಕ್ಕೂ ಕೊನ್ರಾಡ್ ಕಿಟಕಿಯ ಕಡೆ ಮುಖ ಮಾಡಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದ. ಧನರಾಜ್ ಎಲ್ಲವನ್ನೂ ಮೊದಲಿನಿಂದ ಒಮ್ಮೆ ಪರಿಶೀಲಿಸಿದ: ಬೀಗ, ಮಸಿ, ಮಗ್, ಮಾತು. ಎಲ್ಲಿಯೂ ಒಂದು ಎಳೆ ಬಿಟ್ಟಿರಲಿಲ್ಲ. ಈ ವಾರವೇ ವಾರಿಜಾಳಿಗೆ ಬರೆಯಬೇಕು, ಕೆಲಸ ಖಾಯಂ ಆಯಿತೆಂದು. ಅವಳ ತಮ್ಮನೂ ಓದಲಿ.

ದಿವಾನಿಯಾ ಎಂದರೆ ಮನೆಯ ಗಂಡಸರು ಅತಿಥಿಗಳೊಂದಿಗೆ ಕೂರುವ ಹಜಾರ. ಗೋಡೆಯಿಂದ ಗೋಡೆಗೆ ಹಾಲಿನ ಬಣ್ಣದ ಹೊಸ ಕಾರ್ಪೆಟ್, ಬಾಗಿಲಲ್ಲಿ ಪಾದರಕ್ಷೆಗಳ ಸಾಲು. ಮಂತ್ರಿ ತಮ್ಮ ಚಪ್ಪಲಿ ಕಳಚಿ ಒಳಗೆ ಹೋದರು. ಕೊನ್ರಾಡ್ ಮಸಿ ಹಿಡಿದ ಬೂಟು ಬಿಚ್ಚಿಟ್ಟು, ಅಂಚಿನಲ್ಲೇ ನಡೆದು ಮೂಲೆಯಲ್ಲಿ ಕೂತ. ಧನರಾಜ್ ತನ್ನ ಹೊಳೆಯುವ ಬೂಟುಗಳನ್ನು ಬಿಚ್ಚಿ ಜೋಡಿಸಿಟ್ಟು, ತಲೆಯೆತ್ತಿ ಹಜಾರದ ನಟ್ಟನಡುವೆ ನಡೆದುಹೋಗಿ ಮಂತ್ರಿಯ ಎದುರಿನ ದಿಂಬಿಗೆ ಒರಗಿ ಕೂತ. ಮಂತ್ರಿ ಅವನ ಮುಖ ನೋಡುತ್ತಿರಲಿಲ್ಲ. ಬಾಗಿಲಿನಿಂದ ಅವನು ಕೂತಲ್ಲಿಯ ತನಕ ಕಾರ್ಪೆಟ್ಟಿನ ಮೇಲೆ ಕಣ್ಣು ಓಡಿಸಿ, ಸಮಿತಿಯವರಿಗೆ ಬೆರಳಲ್ಲಿ ತೋರಿಸುತ್ತಿದ್ದರು. ಧನರಾಜ್ ಹಿಂತಿರುಗಿ ನೋಡಿದ. ಹಾಲು ಬಣ್ಣದ ಮೇಲೆ ಅವನ ಕಾಲುಚೀಲದ ಹೆಜ್ಜೆಗಳು ಒಂದರ ಹಿಂದೊಂದು ಕಪ್ಪಗೆ ಮೂಡಿದ್ದವು, ಹಿಮ್ಮಡಿ, ಬೆರಳು ಎಲ್ಲ ಸ್ಪಷ್ಟವಾಗಿ. ಮೂಲೆಯಿಂದ ಕೊನ್ರಾಡ್ ತನ್ನ ಕಷ್ಟವನ್ನೂ ಮರೆತು ಗಾಬರಿಯಿಂದ ಕೇಳಿದ, "ಧನು, ನಿನ್ನ ಕಾಲಿಗೆ ಎಂಥಾಯ್ತು ಮಾರಾಯಾ?"