ಕೆಂದಿಯ ಹಾಲಿಗೊಂದು ಸ್ಪ್ರಿಂಗ್ ಫೋರ್ಕು

"ಒತ್ತಿ ನೋಡು," ಎಂದ ಚಲುವರಾಜು.

ಪವಿತ್ರ ಎರಡೂ ಕೈ ಊರಿ ಒತ್ತಿದಳು. ಕೆಂಪು ಫೋರ್ಕು ಮೆತ್ತಗೆ ಕೆಳಗಿಳಿಯಿತು. ಕೈ ಬಿಟ್ಟಳು. ಮೆತ್ತಗೆ ಮೇಲೆದ್ದಿತು.

"ಮಾವ, ಇದು ಉಸಿರಾಡ್ತೈತೆ!"

"ಉಸಿರೂ ಇಲ್ಲ, ಗಿಸಿರೂ ಇಲ್ಲ. ಒಳಗೆ ಸ್ಪ್ರಿಂಗ್ ಐತೆ, ಅಷ್ಟೇಯ."

ಚಲುವರಾಜು ಅವಳ ಸೋದರಮಾವ. ಪಾಲಹಳ್ಳಿಯಲ್ಲಿ ಅವನದೊಂದು ಸೈಕಲ್ ಶಾಪು. ಆ ದಿನ ಬೆಳಗ್ಗೆ ಡೇರಿಗೆ ಹಾಲು ಹಾಕಿ ವಾಪಸು ಬರುವಾಗ ಪವಿತ್ರ ನಾಲೆ ಏರಿಯ ಗುಂಡಿಯೊಂದರಲ್ಲಿ ದೊಪ್ಪನೆ ಬಿದ್ದಿದ್ದಳು. ಅವಳ ಮೊಣಕೈ ತರಚಿತ್ತು. ಸೈಕಲ್ಲಿನ ಮುಂದಿನ ಚಕ್ರ ಹಿಡಿದುಕೊಳ್ಳುವ ಫೋರ್ಕು ಸೊಟ್ಟಗಾಗಿತ್ತು.

ಮಾವ ಎರಡು ಫೋರ್ಕು ತಂದು ಮುಂದಿಟ್ಟಿದ್ದ. ಒಂದು ಸಾದಾ, ಕಪ್ಪಗಿನದು. ಇನ್ನೊಂದು ಈ ಕೆಂಪಗಿನದು, ಮೈಸೂರಿನವರ್‍ಯಾರೋ ಮುರಿದುಕೊಂಡ ಗೇರ್ ಸೈಕಲ್ಲಿನದು. ಗೋಡೆಯ ಮೇಲೆ 1997ರ ಕ್ಯಾಲೆಂಡರ್ ತೂಗುತ್ತಿತ್ತು. ಇಡೀ ಪಾಲಹಳ್ಳಿಯಲ್ಲಿ ಅಂಥ ಫೋರ್ಕು ಇನ್ನೊಂದಿರಲಿಲ್ಲ.

"ಯಾವ್ದು ಬೇಕೋ ಆರಿಸ್ಕೊ. ಮಾವ ಕೊಡ್ತಿರೋದು," ಎಂದ ಅವನು.

ಪವಿತ್ರಳಿಗೆ ಕೆಂಪಗಿನದು ಬೇಕೇಬೇಕಿತ್ತು. ಯಾಕೆ ಅಂತ ಮಾತ್ರ ಯಾರಿಗೂ ಹೇಳುವ ಹಾಗಿರಲಿಲ್ಲ.

ನಾಳೆ ತಾತ ಹಸು ಕೆಂದಿಯನ್ನು ಮಾರಲು ಸಂತೆಗೆ ಹೊಡೆದುಕೊಂಡು ಹೋಗುವವನಿದ್ದ. "ಹಸ ಬತ್ತೋಯ್ತಾ ಐತೆ. ಐದು ಲೀಟರ್ ಹಾಲು ನಾಕಕ್ಕೆ ಬಂತು," ಎಂದು ಡೇರಿ ಚೀಟಿ ನೋಡಿ ತಲೆ ಆಡಿಸಿದ್ದ. ಅಜ್ಜಿ ಹಾಲು ಕರೆದು ಸೀದಾ ಕ್ಯಾನಿಗೇ ಸುರಿಯುತ್ತಿದ್ದಳು. ಅಳೆಯುವುದು ಡೇರಿಯಲ್ಲೇ. ಹಾಲು ಕೆಂದಿಯ ಕೆಚ್ಚಲಲ್ಲಿ ಬತ್ತುತ್ತಿರಲಿಲ್ಲ, ನಾಲೆ ಏರಿಯ ಮಣ್ಣಿನಲ್ಲಿ ಇಂಗುತ್ತಿತ್ತು. ಅದು ಗೊತ್ತಿದ್ದವಳು ಪವಿತ್ರ ಒಬ್ಬಳೇ.

ಅವಳು ಬೇಕೆಂದು ಚೆಲ್ಲುತ್ತಿರಲಿಲ್ಲ. ಪೆಡಲ್ ತುಳಿಯುತ್ತಾ ನಾಲೆ ನೋಡುವುದು ಅವಳ ಅಭ್ಯಾಸ. ನೀರು ಸೈಕಲ್ಲಿನ ಜೊತೆಗೇ ಹೊರಡುತ್ತಿತ್ತು. ಮೋಡಗಳು ಅದರೊಳಗೆ ಇಳಿದು ಈಜುತ್ತಿದ್ದವು. ಇನ್ನೇನು ತಾನೂ ಇಳಿಯಬೇಕು, ಅಷ್ಟರಲ್ಲಿ ಗುಂಡಿ. ದಡಕ್! ಹ್ಯಾಂಡಲ್ಲಿಗೆ ನೇತುಹಾಕಿದ ಕ್ಯಾನು ಕುಣಿದು, ಸೊಟ್ಟ ಮುಚ್ಚಳದ ಸಂದಿಯಿಂದ ಹಾಲು ಪಿಚಕ್ ಎಂದು ಹಾರುತ್ತಿತ್ತು.

ಸ್ಪ್ರಿಂಗ್ ಇದ್ದರೆ ಗುಂಡಿಯೇ ಗೊತ್ತಾಗುವುದಿಲ್ಲ. ಹಾಲು ಐದು ಲೀಟರ್ ಆಗುತ್ತದೆ. ಕೆಂದಿ ಮನೆಯಲ್ಲೇ ಉಳಿಯುತ್ತಾಳೆ. ತಾನು ಯಾರ ಹತ್ತಿರವೂ ಬಾಯಿ ಬಿಡಬೇಕಾಗಿಲ್ಲ.

"ಕೆಂಪುದೇ ಹಾಕು ಮಾವ."

ಚಲುವರಾಜು ಅವಳ ಹಳೇ ಚಕ್ರವನ್ನು ಕೆಂಪು ಫೋರ್ಕಿಗೆ ಹಿಡಿದು ನೋಡಿದ. ಚಕ್ರದ ನಡುವಿನ ಆಕ್ಸಲ್ಲು ತೆಳ್ಳಗಿತ್ತು. ಫೋರ್ಕಿನ ತೂತಿನಲ್ಲಿ ಲೊಡಲೊಡ ಎಂದಿತು.

"ನೋಡ್ದಾ? ನಿಂದು ಸಣ್ಣ ಆಕ್ಸಲ್ಲು. ಇದು ಕೇಳೋದು ದಪ್ಪ ಆಕ್ಸಲ್ಲು. ಕಂಪನಿಗೊಂದು ಅಳತೆ ಕಣವ್ವ. ವಾಷರ್ ತುರುಕಿ ಕೂರಿಸ್ಬೋದು, ದಾರೀಲಿ ಕಳಚ್ಕೊಂಡ್ರೆ ನಿನ್ ಹಲ್ಲು ಹೋಯ್ತವೆ."

ಪವಿತ್ರಳ ಮುಖ ಸಣ್ಣದಾಯಿತು. ಮಾವ ನಕ್ಕು ಅಟ್ಟದಿಂದ ಗೇರ್ ಸೈಕಲ್ಲಿನ ಚಕ್ರವನ್ನೇ ಇಳಿಸಿದ. ದಪ್ಪ ಆಕ್ಸಲ್ಲು ತನ್ನ ಜಾಗದಲ್ಲಿ ಟಕ್ ಎಂದು ಕೂತಿತು.

"ಒಂದು ರೌಂಡ್ ಹೊಡ್ಕೊಂಡು ಬಾ. ಇಷ್ಟ ಆದ್ರೆ ಇದನ್ನೇ ಬಿಗಿ ಮಾಡ್ತೀನಿ."

ಪವಿತ್ರ ಖಾಲಿ ಕ್ಯಾನಿಗೆ ನಲ್ಲಿಯ ನೀರು ತುಂಬಿಸಿ ಹ್ಯಾಂಡಲ್ಲಿಗೆ ಸಿಕ್ಕಿಸಿದಳು. ಮಾವ ಹುಬ್ಬು ಏರಿಸಿದ.

ಅಬ್ಬಾ, ಅದೇನು ಸವಾರಿ! ರಸ್ತೆ ನೀರಾಗಿಬಿಟ್ಟಿತ್ತು. ಸೈಕಲ್ಲು ಹರಿಗೋಲಿನ ಹಾಗೆ ಏರಿತು, ಇಳಿಯಿತು. ಕಲ್ಲುಗಳೆಲ್ಲ ಹತ್ತಿ ಮೂಟೆಗಳು. ಹೀಗೇ ಹೋದರೆ ಕೆ.ಆರ್.ಎಸ್. ದಾಟಿ, ಕಿಕ್ಕೇರಿ ದಾಟಿ, ಮೋಡ ಹುಟ್ಟುವ ಊರಿಗೇ ಹೋಗಬಹುದು ಅನ್ನಿಸಿತು. ಪವಿತ್ರ ಕಣ್ಣು ಅರೆಮುಚ್ಚಿ ನಗುತ್ತಾ ಅಂಗಡಿಯ ಮುಂದೆ ಬ್ರೇಕು ಹಿಡಿದಳು. ಫೋರ್ಕು ಮುಂದಕ್ಕೆ ಬಗ್ಗಿತು.

ಆಗ ಅವಳಿಗೆ ಕಾಲು ತಣ್ಣಗಾದದ್ದು ಗೊತ್ತಾಯಿತು. ಲಂಗ ತೊಪ್ಪೆಯಾಗಿತ್ತು. ಕ್ಯಾನಿನಲ್ಲಿ ನೀರು ಅರ್ಧಕ್ಕೆ ಇಳಿದಿತ್ತು.

"ಸ್ಪ್ರಿಂಗು ನಿನ್ನ ತೂಗ್ತದೆ. ಜೊತೇಲಿ ನೀರನ್ನೂ ತೂಗ್ತದೆ," ಎಂದ ಮಾವ. "ಅಲ್ಲ ಕಣವ್ವ, ನಿಮ್ಮಜ್ಜಿ ಕುಳ್ಳಮ್ಮನೋರು ಹಾಲಿಗೆ ಹುಲ್ಲು ಬುಟ್ಟು ಕೊಡಾಕಿಲ್ವಾ?"

ಅವನು ಹೊಸ ರಿಮ್ಮಿನ ಪೆಟ್ಟಿಗೆಯಿಂದ ಒಂದು ಹಿಡಿ ಒಣಹುಲ್ಲು ತೆಗೆದು ಸಿಂಬೆ ಸುತ್ತಿದ. ಕ್ಯಾನಿಗೆ ಮತ್ತೆ ನೀರು ತುಂಬಿಸಿ ಅದನ್ನು ಮೇಲೆ ತೇಲಿಬಿಟ್ಟ. ಆಮೇಲೆ ಕ್ಯಾನನ್ನು ಜೋರಾಗಿ ಅಲ್ಲಾಡಿಸಿದ. ನೀರು ಸುಮ್ಮನೆ ಮಲಗಿತ್ತು.

ಪವಿತ್ರ ಬಾಯಿ ತೆರೆದು ನೋಡುತ್ತಾ ನಿಂತಳು. ಅಜ್ಜಿ ದಿನಾ ಬೆಳಗ್ಗೆ ತೊಳೆದ ಹುಲ್ಲಿನ ಸಿಂಬೆಯೊಂದನ್ನು ಹಾಲಿಗೆ ಬಿಡುತ್ತಿದ್ದಳು. ಯಾಕೆ ಅಂತ ಪವಿತ್ರ ಕೇಳಿರಲೇ ಇಲ್ಲ. ಹೋದ ತಿಂಗಳು ಡೇರಿಯಲ್ಲಿ ಕ್ಲಾಸಿನ ಅನು ಅದನ್ನು ನೋಡಿ, "ಏನೇ, ನಿಮ್ಮ ಹಸು ಹಾಲಿನ ಜೊತೆ ಹುಲ್ಲೂ ಕೊಡ್ತದಾ?" ಎಂದಿದ್ದಳು. ಎಲ್ಲರೂ ಕಿಸಕ್ಕೆಂದಿದ್ದರು. ಅಂದಿನಿಂದ ಪವಿತ್ರ ಹುಣಸೆಮರದ ತಿರುವಿನಲ್ಲಿ ಸಿಂಬೆಯನ್ನು ತೆಗೆದು ಎಸೆದೇ ಮುಂದೆ ಹೋಗುತ್ತಿದ್ದಳು.

"ಮಾವ, ಕಪ್ಪು ಫೋರ್ಕೇ ಹಾಕ್ಬುಡು," ಎಂದಳು. ಕೆಂಪು ಫೋರ್ಕನ್ನು ಇನ್ನೊಂದೇ ಒಂದು ಸಲ ಒತ್ತಿದಳು. ಅದು ಮೆತ್ತಗೆ ಉಸಿರು ಬಿಟ್ಟಿತು.

ಮನೆಯಲ್ಲಿ ತಾತ ಮಂಚಯ್ಯ ಕೆಂದಿಗೆ ಹೊಸ ಮೂಗುದಾರ ಹಾಕಲು ಕೂತಿದ್ದ. ಪವಿತ್ರ ಸೈಕಲ್ ಒರಗಿಸಿ ಹಸುವಿನ ಪಕ್ಕ ನಿಂತಳು.

"ತಾತ, ಕೆಂದಿ ಹಾಲು ಕಮ್ಮಿ ಮಾಡಿಲ್ಲ. ನಾನೇ ಚೆಲ್ತಿದ್ದೆ. ಅಜ್ಜಿ ಹಾಕಿದ್ ಹುಲ್ಲು ಬಿಸಾಕ್ತಿದ್ದೆ."

ತಾತ ತಲೆ ಎತ್ತಿ ನೋಡಿದ. "ಎಷ್ಟು ದಿವ್ಸದಿಂದವ್ವ?"

"ಒಂದು ತಿಂಗಳು."

"ನಾಳೆ ಚೀಟಿ ತಗಂಬಾ. ನೋಡುಮಾ," ಎಂದು ಮೂಗುದಾರವನ್ನು ಮಡಿಚಿ ಗೂಟಕ್ಕೆ ನೇತುಹಾಕಿದ.

ಅಜ್ಜಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಬಯ್ಯಲಿಲ್ಲ. ಮಾರನೆಯ ಬೆಳಗ್ಗೆ ಹುಲ್ಲು ತೊಳೆದು ಪವಿತ್ರಳ ಕೈಗೇ ಕೊಟ್ಟಳು. ಪವಿತ್ರಳೇ ಸಿಂಬೆ ಸುತ್ತಿ ಹಾಲಿಗೆ ಬಿಟ್ಟಳು.

ನಾಲೆಯ ನೀರು ಎಂದಿನ ಹಾಗೆ ಜೊತೆಗೆ ಹೊರಟಿತು. ಹುಣಸೆಮರದ ತಿರುವಿನಲ್ಲಿ ಒಂದು ತಿಂಗಳ ಸಿಂಬೆಗಳು ಒಣಗಿ ಬಿದ್ದಿದ್ದವು. ಗುಬ್ಬಚ್ಚಿಯೊಂದು ಅವುಗಳಿಂದ ಒಂದೆಳೆ ಕಚ್ಚಿಕೊಂಡು ಹಾರಿತು. ಅದನ್ನೇ ನೋಡುತ್ತಿದ್ದ ಪವಿತ್ರಳ ಸೈಕಲ್ಲು ಗುಂಡಿಗೆ ಇಳಿಯಿತು. ದಡಕ್! ಅವಳು ಪೂರ್ತಿ ಕುಲುಕಿದಳು. ಹಾಲು ಕುಲುಕಲಿಲ್ಲ.

ಡೇರಿಯಲ್ಲಿ ಅನು ಕ್ಯಾನಿನೊಳಗೆ ಇಣುಕಿದಳು. "ಮತ್ತೆ ಹುಲ್ಲು ಕೊಡ್ತಾ ನಿಮ್ಮ ಹಸು?"

"ಹೂಂ ಕಣೆ, ಕೊಡ್ತು," ಎಂದಳು ಪವಿತ್ರ.

ಅವಳ ಕಣ್ಣು ಅಳತೆಯ ಪಾತ್ರೆಯ ಮೇಲಿತ್ತು. ಹಾಲು ಮೂರು ದಾಟಿತು, ನಾಲ್ಕು ದಾಟಿತು, ಇನ್ನೂ ಏರುತ್ತಲೇ ಇತ್ತು.