ಗವಿಯೊಳಗೆ ಸುಣ್ಣ ಕೇಳಿದವನು

"ಒಳಗ ಯಾರರ ಸುಣ್ಣ ಕೇಳಿದ್ರ ಕೊಡಬ್ಯಾಡ್ರಿ ಸಾವ್ಕಾರ್ರೆ. ನಿಮ್ಮ ಕಾಲಿಗೆ ಬೀಳ್ತೀನಿ."

ಗವಿಯ ಬಾಯಿಯ ಹತ್ತಿರ ಸುಣ್ಣದ ಭಟ್ಟಿಯ ಬೂದಿ ಕೆದಕುತ್ತಿದ್ದ ಮುದುಕಿ ಈರಕ್ಕ ಹೀಗೆಂದಾಗ ಸೋಮಶೇಖರ್ ಹೊಟ್ಟೆ ಹಿಡಿದುಕೊಂಡು ನಕ್ಕ. ದಾವಣಗೆರೆ ಕಡೆಯವನು. ಶೈಲಾಳನ್ನು ಮದುವೆಯಾಗಿ ಕೊಟ್ಟೂರಿನಲ್ಲೇ ಬೇರು ಬಿಟ್ಟಿದ್ದ. ಸುತ್ತಲಿನ ಊರುಗಳಲ್ಲಿ ಸಿಮೆಂಟು ಬಿಟ್ಟು ಸುಣ್ಣದ ಗಾರೆಯ ತಂಪು ಮನೆ ಕಟ್ಟಿಸುವ ಹುಚ್ಚು ಎದ್ದಿತ್ತಲ್ಲ, ಆ ಮನೆಗಳಿಗೆಲ್ಲ ಸುಣ್ಣ ಒದಗಿಸುವವನು ಇವನೇ. ಕೂಡ್ಲಿಗಿಯಾಚೆಯ ಗುಡ್ಡದಡಿ ಎಷ್ಟೋ ವರ್ಷ ಮುಚ್ಚಿದ್ದ ಸುಣ್ಣಗಲ್ಲಿನ ಗವಿಯ ಬಾಯಿ ಒಡೆಸಿದವನೂ ಇವನೇ.

"ಊರಿಗೆಲ್ಲ ಸುಣ್ಣ ಹಂಚೋನು ನಾನು. ಚಿಟಿಕಿ ಸುಣ್ಣಕ್ಕ ಅಂಜ್ಲೇನು?"

"ನಗಬ್ಯಾಡ್ರಿ. ದೀಪ ಹಚ್ಚಿದ ಮ್ಯಾಲೆ ಮನ್ಯಾಗಿನ ಸುಣ್ಣ ಹೊರಗ ಕೊಡ್ತಾರೇನು? ಕೊಟ್ರ ಮನೀನ ಕೊಟ್ಟಂಗ. ಈ ಗವ್ಯಾಗ ಹಗಲು ಅಂಬೋದ ಇಲ್ಲ, ಯಾವಾಗ್ಲೂ ದೀಪ ಹಚ್ಚಿದ ಹೊತ್ತು."

ಮುದುಕಿ ದನಿ ತಗ್ಗಿಸಿ ಹೇಳಿದಳು. ನೆಲದೊಳಗೆ ಕಲ್ಲು ಅಗೆಯುವವರು ಚಾವಣಿ ಹೊರಲೆಂದು ನಡುನಡುವೆ ಕಂಬ ಬಿಟ್ಟೇ ಮುಂದೆ ಹೋಗುತ್ತಾರೆ. ಹಿಂದಿನ ಮಾಲೀಕ ಆಸೆಬುರುಕ, ಕಂಬಗಳನ್ನೂ ಕಡಿಸಿದ. ಚಾವಣಿ ಕುಸಿಯಿತು. ಆಳು ಅಂಜಿನೇಯಲು ಬಂಡೆಯಾಚೆ ಬದುಕಿಯೇ ಇದ್ದ, ಕೂಗುತ್ತಲೇ ಇದ್ದ. ಕೇಸಿಗೆ ಹೆದರಿದ ಪಾಪಿ ಗವಿಯ ಬಾಯಿಗೆ ಗೋಡೆ ಕಟ್ಟಿಸಿಬಿಟ್ಟ! ಅಂಜಿನೇಯಲುವಿನ ಹೆಂಡತಿ ಎರ್ರಮ್ಮ ತನ್ನ ತಾಳಿಯನ್ನೇ ಕಿತ್ತು, ಮಾಟ ಮಾಡಿಸಿ, ಗವಿಯ ಹೊಸ್ತಿಲಲ್ಲಿ ಹೂಳಿದಳು. 'ಯಾವನು ಇಲ್ಲಿ ನನ್ನ ಗಂಡಗ ಸುಣ್ಣ ಕೊಡ್ತಾನೋ, ಅವನ ಮನಿ ನನ್ನ ಗಂಡಂದಾಗ್ಲಿ' ಎಂದು ಮಣ್ಣು ತೂರಿದಳಂತೆ.

"ಕತಿ ಚೊಲೋ ಐತಿ ಯವ್ವಾ" ಎಂದು ಸೋಮಶೇಖರ್ ಹಾರೆ ಎತ್ತಿಕೊಂಡ.

ಅವನಿಗೆ ಅವಸರವಿತ್ತು. ಶೈಲಾಗೆ ದಿನ ತುಂಬಿತ್ತು. ಸ್ವಂತ ಮನೆಯಲ್ಲಿ ತೊಟ್ಟಿಲು ಕಟ್ಟುವ ಕೋಣೆಯ ಗೋಡೆಗೆ ಕೊನೆಯ ಪದರವೊಂದೇ ಬಾಕಿ, ಅದಕ್ಕೆ ಹಾಲಿನಂಥ ಕಲ್ಲು ಬೇಕು. ಅಂಥ ಕಲ್ಲು ಗವಿಯ ಕೊನೆಯಲ್ಲಿ ಉಳಿದ ಒಂಟಿ ಕಂಬದಲ್ಲಿತ್ತು. ಆಳುಗಳು ಬೆಳಿಗ್ಗೆಯೇ ಕೈಯೆತ್ತಿ ಓಡಿಹೋಗಿದ್ದರು. ಹುಟ್ಟುವ ಕೂಸಿಗಾಗಿ ತಾನೇ ಕಡಿಯುತ್ತೇನೆಂದು ಒಳಗೆ ನುಗ್ಗಿದ.

ಹೊರಗೆ ಉರಿಬಿಸಿಲು. ಒಳಗೆ ಹತ್ತು ಮಾರು ಹೋಗುವಷ್ಟರಲ್ಲಿ ಕತ್ತಲು ಕಣ್ಣಿಗೆ ಮೆತ್ತಿಕೊಂಡಿತು. ಬಾವಲಿ ಹಿಕ್ಕೆಯ ಘಾಟು, ಹಸಿ ಸುಣ್ಣದ ಸುಡುವ ವಾಸನೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು. ತಲೆಯ ಟಾರ್ಚಿನ ಬೆಳಕಿನಲ್ಲಿ ಕಂಬ ಬೆಳ್ಳಗೆ ಹೊಳೆಯಿತು. ಧೈರ್ಯಕ್ಕೆಂದು ಅಂಗೈಗೆ ತಂಬಾಕು ಸುರಿದು ಸುಣ್ಣದ ಡಬ್ಬಿ ತೆರೆದ.

"ಅಣ್ಣಾ... ಚೂರು ಸುಣ್ಣ ಕೊಡ್ರಿ."

ಕಂಬದ ಹಿಂದಿನಿಂದ ಒಂದು ಕೈ ಚಾಚಿತ್ತು. ಬೆಂದು ಸಿಪ್ಪೆಯೆದ್ದ ಕೈ.

ಸೋಮಶೇಖರ್ ಬೆಚ್ಚಿದ. ಮರುಗಳಿಗೆ ಸಿಟ್ಟು ಬಂತು. ಓಡಿಹೋದ ಆಳುಗಳ ಆಟವಿದು! "ನನ್ನ ಹೆದರಸಾಕ ಬಂದೀಯೇನಲೇ ಕಳ್ಳಾ? ತಗೋ. ಹಾಕ್ಕೊಂಡು ಹಾರಿ ಹಿಡದು ಕಲ್ಲು ಕಡಿ." ಬೆರಳ ತುದಿಯಲ್ಲಿ ಸುಣ್ಣ ತೆಗೆದು ಆ ಅಂಗೈಗೆ ಒರೆಸಿದ.

ಅಂಗೈ ಮಡಚಿಕೊಂಡಿತು. ಬೆರಳು ಸಿಕ್ಕಿಕೊಂಡಿತು. ಬಾವಿಯ ತಳದಷ್ಟು ತಣ್ಣಗೆ.

"ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದಿತು ದನಿ. ಆಮೇಲೆ ಅದೇ ಬಾಯಿಂದ ಸೋಮಶೇಖರನದೇ ದನಿ ಹೊರಟಿತು: "ಹೊತ್ತಾತು. ಶೈಲಾ ಕಾಯ್ತಿರ್ತಾಳ."

ಟಾರ್ಚು ಆರಿತು. ಕಿರುಚಿದ. ಸದ್ದು ಬರಲಿಲ್ಲ. ಬಾಯ್ತುಂಬ ಪುಡಿ. ಮೈಯೆಲ್ಲ ಉರಿ. ಯಾರೋ ಅವನನ್ನು ದಾಟಿ ನಡೆದರು. ಅವನದೇ ಬೂಟಿನ ಸಪ್ಪಳ. ದೂರದಲ್ಲಿ ಈರಕ್ಕನ ದನಿ: "ಬಂದ್ರ್ಯಾ ಸಾವ್ಕಾರ್ರೆ? ಶಿವಾ, ಬದುಕಿಸಿದೆಪ್ಪಾ!" ಬೈಕು ಸ್ಟಾರ್ಟ್ ಆಯಿತು. ಹೊರಟೇಹೋಯಿತು.

ತೆವಳಿದ. ಮೊಣಕೈ ಚರ್ಮ ಕಿತ್ತುಬಂತು. ತೆವಳಿದ. ಬೆಳಕು ಕಂಡಿತು. ಈರಕ್ಕ ಅವನನ್ನು ನೋಡಿದವಳೇ "ಅಯ್ಯಯ್ಯೋ, ಅಂಜಿನೇಯಲು!" ಎಂದು ಚೀರಿ ಓಡಿದಳು.

ಕೊಟ್ಟೂರಿಗೆ ಹೊರಟ ಟ್ರ್ಯಾಕ್ಟರಿನ ಹಿಂದೆ ಹೇಗೆ ಜೋತುಬಿದ್ದನೋ, ಎಲ್ಲಿ ಇಳಿದನೋ ಆ ದೇವರಿಗೇ ಗೊತ್ತು. ಮನೆ ಮುಟ್ಟಿದಾಗ ಮುಚ್ಚಂಜೆ. ಅಂಗಳದಲ್ಲಿ ಅವನ ಬೈಕು ನಿಂತಿತ್ತು. ಬಾಗಿಲು ಬಡಿದ. ತುಂಬಿದ ಹೊಟ್ಟೆ ಹೊತ್ತು ಶೈಲಾ ಬಂದು ತೆರೆದಳು. ನೋಡಿ ಹಿಂದೆ ಸರಿದು ಸೆರಗು ಮೂಗಿಗೆ ಹಿಡಿದಳು.

"ರೀ, ಸುಣ್ಣದ ಭಟ್ಟಿ ಆಳು ಯಾರೋ ಬಂದಾನ ನೋಡ್ರಿ. ಮೈಯೆಲ್ಲ ಬೆಂದೈತಿ, ಪಾಪ."

ಶೈಲಾ, ನಾನು ಕಣೇ! ಬಾಯಿ ತೆರೆದರೆ ಬಿಳಿಪುಡಿ ಉದುರಿತೇ ಹೊರತು ಮಾತು ಹೊರಡಲಿಲ್ಲ.

ಒಳಗಿನಿಂದ ಅವನದೇ ದನಿ ಕೇಳಿತು. "ಹಸದಿರಬೇಕು. ಎರಡು ರೊಟ್ಟಿ ಕೊಟ್ಟು ಕಳಸು. ನೀ ಹೊರಗ ನಿಂದ್ರಬ್ಯಾಡ, ಮುಚ್ಚಂಜಿ ಹೊತ್ತು. ಕೂಸಿಗಿ ಚೊಲೋ ಅಲ್ಲ."

ಅವಳು ರೊಟ್ಟಿಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಒಳಗೆ ಏನು ಮಾತಾಯಿತೋ, ಶೈಲಾ ನಕ್ಕಳು. ಮದುವೆಯಾದಾಗಿನಿಂದ ಅವಳು ಅಷ್ಟು ಬಾಯ್ತುಂಬ ನಕ್ಕದ್ದನ್ನು ಸೋಮಶೇಖರ್ ಕೇಳಿರಲಿಲ್ಲ.