ಮಿಂಚುಬಂಡಿಯ ಇಲ್ಲದ ಹಲ್ಲು

"ನನ್ನ ಗಂಡನ್ನ ಎರಡನೇ ಸಲ ಸಾಯಿಸ್ಯಾರ ನೋಡ್ರಿ ಅಕ್ಕಾರ," ಎನ್ನುತ್ತ ಸಾತವ್ವ ಕಂಕುಳಲ್ಲಿದ್ದ ಗಂಟನ್ನು ಕಸ್ತೂರೆವ್ವ ದೊಡ್ಡವ್ವನ ಮುಂದೆ ಬಿಚ್ಚಿದಳು.

೧೯೯೨ರ ಒಂದು ರವಿವಾರ, ಬೆಳಗಿನ ಏಳು ಗಂಟೆ, ರಬಕವಿಯ ನಮ್ಮ ಮನೆ. ಗಂಟಿನಲ್ಲಿದ್ದದ್ದು ತಂತಿ ಕೊಂಡಿಗಳಿಂದ ಒಂದಕ್ಕೊಂದು ಜೋಡಿಸಿದ ಕಟ್ಟಿಗೆ ಪಟ್ಟಿಗಳ ಉದ್ದನೆಯ ಸರಪಳಿ. ಪಕ್ಕದಲ್ಲಿ ಲವಂಗದಷ್ಟು ಸಣ್ಣ ಗೂಟಗಳ ರಾಶಿ. ಪಟ್ಟಿಗೆ ಎಂಟರಂತೆ ಕೊರೆದ ತೂತುಗಳೆಲ್ಲ ಖಾಲಿ.

ನೇಕಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಮೇಲೆ ತಿರುಗುವ ಈ ಸರಪಳಿಯೇ ಸೀರೆಯ ದಡಿಯಲ್ಲಿ ಯಾವ ಎಳೆ ಏಳಬೇಕೆಂದು ಹೇಳುತ್ತದೆ. ಗೂಟವಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಗೂಟ ಕಿತ್ತರೆ ಚಿತ್ತಾರವೇ ಹೋಯಿತು. ಆದರೆ ಈ ಸರಪಳಿ ಕೊನೆಗೆ ಎಬ್ಬಿಸಿದ್ದು ಎಳೆಗಳನ್ನಲ್ಲ, ದೀಪಗಳನ್ನು.

ಎಂಬತ್ತೈದರಲ್ಲಿ ಟೀವಿಯಲ್ಲಿ ರವಿವಾರಕ್ಕೊಮ್ಮೆ 'ಮಿಂಚುಬಂಡಿ ಮಾಮಾ' ಬರುತ್ತಿತ್ತು. ಓಣಿಗೊಂದು ಟೀವಿ, ಒಂದೊಂದರ ಮುಂದೆ ನಲವತ್ತು ಜನ. ಹುನ್ನೂರಿನ ಗಂಗಾರಾಮರು ಮಾಮಾ ಆಗಿ ಊರೂರು ತಿರುಗಿ ಮಕ್ಕಳ ಸಂಕಟ ಬಿಡಿಸುತ್ತಿದ್ದರು. ಅವರ ಬಂಡಿಯ ಮೂಗಿನ ಮೇಲೆ ಸಾಲಾಗಿ ಎಂಟು ದೀಪ. ನಡುವೆ ಎರಡು ಹತ್ತಿ, ಅಕ್ಕಪಕ್ಕ ಹರಡುತ್ತ ಹೋಗಿ, ಎಂಟೂ ಹತ್ತಬೇಕಾದಲ್ಲಿ ಏಳೇ ಹತ್ತುತ್ತಿದ್ದವು. ಎಡದಿಂದ ಮೂರನೆಯದು ಕತ್ತಲು. ಗಂಗಾರಾಮರು ಆ ಜಾಗವನ್ನು ಬೆರಳಿನಿಂದ ತಟ್ಟಿ, "ನಮ್ಮ ಬಂಡಿಗೆ ಒಂದ ಹಲ್ಲಿಲ್ಲ, ಖರೆ ನಗು ಪೂರಾ ಐತಿ" ಅನ್ನುತ್ತಿದ್ದರು. ಹಲ್ಲು ಬಿದ್ದ ನಮ್ಮೂರ ಮಕ್ಕಳೆಲ್ಲ ಆ ಮಾತು ಹೇಳಿಯೇ ಬೆಳೆದವು.

ಹಳೇ ಜೀಪಿನ ಮೇಲೆ ಆ ಬಂಡಿ ಕಟ್ಟಿದವನು ಸಾತವ್ವನ ಗಂಡ, ಬನಹಟ್ಟಿಯ ಹುಲೆಪ್ಪ. ಮೊದಲು ನೇಕಾರ, ಆಮೇಲೆ ಮಗ್ಗ ರಿಪೇರಿಯವನು. ಮಗ್ಗದ ಸರಪಳಿಯನ್ನು ಕಾರಿನ ವೈಪರ್ ಮೋಟರಿಗೆ ಕಟ್ಟಿ, ಒಂದೊಂದು ಗೂಟ ಒಂದೊಂದು ದೀಪದ ತಂತಿ ಮುಟ್ಟುವಂತೆ ಮಾಡಿದ್ದು ಅವನ ತಲೆ. ಟೀವಿಯಲ್ಲಿ ಹೆಸರು ಬಂದದ್ದು ಮಾತ್ರ ಮುಧೋಳದ ಡ್ರಾಯಿಂಗ್ ಮಾಸ್ತರ ಗಿರಿಮಲ್ಲಪ್ಪನವರದು. ವಾರ ವಾರ ಆ ಹೆಸರು ನೋಡಿ ಹುಲೆಪ್ಪ ಎದ್ದು ಹೊರಗೆ ಹೋಗುತ್ತಿದ್ದನಂತೆ. ಟೀವಿಯ ಕೆಲಸ ಮುಗಿದ ಮೇಲೆ ಸರಪಳಿಯನ್ನು ಬಿಚ್ಚಿ ಮನೆಗೆ ತಂದಿಟ್ಟುಕೊಂಡಿದ್ದ. ಮೂರು ವರ್ಷದ ಹಿಂದೆ ಅವನು ತೀರಿಕೊಂಡ.

ಹೋದ ವರ್ಷ ಗಂಗಾರಾಮರೂ ಹೋದರು. ಸಾತವ್ವ ಗಂಟು ತಂದ ರವಿವಾರದ ಸಂಜೆಯೇ ಜಮಖಂಡಿಯಲ್ಲಿ ಅವರ ನೆನಪಿನ ಸಭೆ ಇತ್ತು. ಬಂಡಿಯನ್ನು ಜನರ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ಅದನ್ನು ಮಾಡಿದವರ ಹೆಸರಿನ ಕಲ್ಲು ನೆಡುವವರಿದ್ದರು. ಸಾತವ್ವನ ಪರವಾಗಿ ಅರ್ಜಿ ಬರೆದವಳು ನಾನೇ. ಬಿ.ಎ. ಮಾಡಿ ಮನೆಯಲ್ಲಿ ಕೂತವಳು, ಬಾಯಿಯಲ್ಲಿ ಬಾರದ್ದು ನನಗೆ ಕಾಗದದ ಮೇಲೆ ಬರುತ್ತದೆ. ಸಮಿತಿಯ ಅಧ್ಯಕ್ಷ, ನಿವೃತ್ತ ಹೆಡ್‌ಮಾಸ್ತರ ಗೂಳಪ್ಪನವರು ಉತ್ತರ ಬರೆದಿದ್ದರು: ಸರಪಳಿ ತನ್ನಿರಿ, ಬಂಡಿಗೆ ಹಾಕೋಣ, ಟೀವಿಯಲ್ಲಿ ಹತ್ತಿದಂತೆಯೇ ದೀಪ ಹತ್ತಿದರೆ ಕಲ್ಲಿನ ಮೇಲೆ ಹುಲೆಪ್ಪನ ಹೆಸರು.

ಈಗ ಸರಪಳಿಯಿತ್ತು, ಚಿತ್ತಾರವಿರಲಿಲ್ಲ. ಟೀವಿಯ ನೆನಪಿನಿಂದ ಹೊಸದಾಗಿ ಗೂಟ ಹಾಕಿದರೆ ಅದನ್ನು ಯಾರೂ ಪುರಾವೆ ಅನ್ನುತ್ತಿರಲಿಲ್ಲ. ನಾನು ಸಿಟ್ಟಿನಿಂದ ಪೆನ್ನು ಕುಕ್ಕಿದ್ದಕ್ಕೆ ಡೈರಿಯ ಮೇಲೆ ಮಸಿ ಚೆಲ್ಲಿತು. ದೊಡ್ಡವ್ವ ಮಾತ್ರ ಚಷ್ಮಾ ಒರೆಸಿಕೊಂಡಳು. ಮೂವತ್ತು ವರ್ಷ ನೇಕಾರರ ಸಂಘವೊಂದರಲ್ಲಿ ಬಟ್ಟೆಯ ದಾಗು, ಅಂದರೆ ನೇಯ್ಗೆಯ ತಪ್ಪು, ಹುಡುಕುವ ಕೆಲಸ ಮಾಡಿದವಳು ಆಕೆ. ಬೆಳಕಿಗೆ ಹಿಡಿದ ಸೀರೆಯಲ್ಲಿ ತಪ್ಪಿದ ಒಂದು ಎಳೆ ಆಕೆಯ ಕಣ್ಣು ತಪ್ಪಿಸಿದ್ದಿಲ್ಲ. ನಿವೃತ್ತಳಾದ ಮೇಲೆ ಜನ ಬಟ್ಟೆಯ ಬದಲು ತಮ್ಮ ತಂಟೆಗಳನ್ನು ತರತೊಡಗಿದ್ದರು. ಲೋಕಾಪುರದ ಲಾರಿಯ ಕಳವು ಬಿಡಿಸಿದ್ದೂ ಇದೇ ಚಷ್ಮಾ.

"ನಿನ್ನೆ ಯಾರಾರು ಬಂದಿದ್ರು, ಬಂದಂಗ ಹೇಳು," ಎಂದಳು.

ಸಾತವ್ವ ಹೇಳಿದ್ದಿಷ್ಟು. ಮೊದಲು ಬಂದವನು ಬಾಳು, ಹುಲೆಪ್ಪನ ಕೈಕೆಳಗೆ ಮಗ್ಗ ಕಲಿತವನು. ಕೊಂಡಿಗಳಿಗೆ ಎಣ್ಣೆ ಹಾಕಿಕೊಟ್ಟ. ಅವನು ಹೋಗುವವರೆಗೂ ಸಾತವ್ವ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದಳು, ಆಗ ಗೂಟಗಳೆಲ್ಲ ಇದ್ದವು. ಆಮೇಲೆ ಗಿರಿಮಲ್ಲಪ್ಪನವರು ಬಂದರು. ನೆನಪಿನ ಪುಸ್ತಕಕ್ಕೆ ಸರಪಳಿಯ ಚಿತ್ರ ಬರೆದುಕೊಳ್ಳುತ್ತೇನೆ ಎಂದರು. ಅಷ್ಟರಲ್ಲಿ ನಳದ ನೀರು ಬಂದಿತೆಂದು ಆಕೆ ಅರ್ಧ ತಾಸು ಹೊರಗಿದ್ದಳು. ಬಂದಾಗ ಅವರೇ ಗಂಟು ಕಟ್ಟಿ ಕೈಗೆ ಕೊಟ್ಟರು. ಕೊನೆಗೆ ಬಂದವನು ಜಮಖಂಡಿಯ ಗ್ಯಾರೇಜಿನ ರಾಚಪ್ಪ, ಬಂಡಿ ಈಗ ಅವನದೇ. ಸರಪಳಿ ಕೂಡುತ್ತದೋ ಇಲ್ಲವೋ ನೋಡಬೇಕೆಂದ. ಚಹಾಕ್ಕೆ ಸಕ್ಕರೆ ತೀರಿ ಸಾತವ್ವ ನೆರೆಮನೆಗೆ ಹೋದಳು. ಅವನೂ ಗಂಟಿನ ಪಕ್ಕ ಅರ್ಧ ತಾಸು ಒಬ್ಬನೇ ಇದ್ದ. ಅವನು ಹೋದ ಕೂಡಲೇ ಗಂಟು ಪೆಟ್ಟಿಗೆಯೊಳಗೆ, ಕೀಲಿ ಆಕೆಯ ಕೊರಳಲ್ಲಿ. ಬೆಳಗ್ಗೆ ಬಿಚ್ಚಿದಾಗ ಹೀಗೆ.

ಓಣಿಯವರು ಆಗಲೇ ಬಾಳುವಿನ ಹೆಸರು ಹೇಳತೊಡಗಿದ್ದರಂತೆ. ಇಷ್ಟು ಸ್ವಚ್ಛವಾಗಿ ಗೂಟ ಕೀಳಲು ನೇಕಾರನಿಗೇ ಸಾಧ್ಯ ಎಂಬುದು ಅವರ ತರ್ಕ.

ದೊಡ್ಡವ್ವ ಬಾಳುವನ್ನು ಕರೆಸಿದಳು. ಅವನು ಬಂದು ಸರಪಳಿ ನೋಡಿದವನೇ ಕುಕ್ಕರಿಸಿ ಕೂತುಬಿಟ್ಟ. ಒಂದು ಗೂಟ ಎತ್ತಿ, ತುದಿಯನ್ನು ನಾಲಿಗೆಗೆ ತಾಗಿಸಿ, ತೂತಿಗೆ ಇಟ್ಟು ಅರ್ಧ ಸುತ್ತು ತಿರುವಿದ. ಎಂಜಲಿಗೆ ಕಟ್ಟಿಗೆ ಉಬ್ಬಿ ಗಟ್ಟಿ ಕೂಡುತ್ತದಂತೆ. ನನಗೆ ಹೇಸಿಗೆಯಾಗಿ ಮುಖ ತಿರುಗಿಸಿದೆ.

"ಯಾವ ತೂತಿಗೆ ಗೂಟ ಐತಿ, ಯಾವದಕ್ಕ ಇಲ್ಲ ಅಂತ ನನಗ ಬಾಯಿಪಾಠ ಇಲ್ರಿ ಅಕ್ಕಾರ," ಎಂದ. "ಮಾಲಕರ ತಲಿಯಾಗ ಇತ್ತು ಅದು."

ದೊಡ್ಡವ್ವ ಗೂಟಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಇಕ್ಕಳದ ಹಲ್ಲಿನ ಗುರುತು ಯಾವುದರ ಮೇಲೂ ಇಲ್ಲ, ಹಿಂದಿನಿಂದ ಮೊಳೆ ಒತ್ತಿ ತೆಗೆದದ್ದು. ಆಮೇಲೆ ಪಟ್ಟಿಗಳು. ಒಂದರ ಮೂರನೇ ತೂತು ಸೀಳಿ ಬಾಯಿ ಬಿಟ್ಟಿತ್ತು, ಸೀಳಿನಲ್ಲಿ ಹಳೆಯ ಎಣ್ಣೆ ಕಪ್ಪಾಗಿ ಹೆಪ್ಪುಗಟ್ಟಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾಕೋ ಆಕೆಯ ಕಣ್ಣು ಸಾತವ್ವ ಉಟ್ಟಿದ್ದ ಸೀರೆಯ ಮೇಲೆ ಬಿತ್ತು. ಗುಡಿ ಗುಡಿಯಾಕಾರದ ದಡಿಯ ಹಳೇ ಸೀರೆ, ಒಳಗಿನ ತುದಿಯಲ್ಲಿ ತೊಳೆದರೂ ಹೋಗದ ದೋಬಿ ಮಸಿಯ ಕಪ್ಪು ಠಸ್ಸೆ. ದೊಡ್ಡವ್ವ ಆ ತುದಿಯನ್ನು ಎತ್ತಿ ನೋಡಿ, ಮೆಲ್ಲಗೆ ಕೆಳಗೆ ಬಿಟ್ಟಳು. ಆಕೆಯ ಮುಖ ಒಮ್ಮೆಲೇ ಸಣ್ಣದಾಯಿತು.

"ಸಂಜಿಗೆ ಹೊಸಾದು ಉಟಗೊಂಡ ಬರಬ್ಯಾಡ ಸಾತವ್ವ. ಇದ ಇರಲಿ."

ಜಮಖಂಡಿಯ ಬಸ್ಸಿನಲ್ಲಿ ನಾನು ಡೈರಿ ತೆಗೆದು ಬರೆದೆ: 'ಕೈ ಬಲ್ಲ ಬಾಳುವಿಗೆ ಹೊತ್ತು ಸಿಗಲಿಲ್ಲ. ಹೊತ್ತು ಸಿಕ್ಕ ಇಬ್ಬರಿಗೆ ಆ ಕೈ ಇಲ್ಲ.' ದೊಡ್ಡವ್ವನಿಗೆ ಓದಿ ಹೇಳಿದೆ. ಛಲೋ ಬರೆದೀ, ಎರಡನೇ ಸಾಲು ಮಾತ್ರ ಖರೆನೋ ಇಲ್ಲೋ ನೋಡೋಣ ಎಂದು ಆಕೆ ಕಣ್ಣು ಮುಚ್ಚಿದಳು.

ಸಭಾಭವನದ ಅಂಗಳದಲ್ಲಿ ಬಂಡಿ ನಿಂತಿತ್ತು. ಅದರ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ರಾಚಪ್ಪನ ಗ್ಯಾರೇಜಿನ ಹೆಸರಿತ್ತು. ಕಳ್ಳ ಇವನೇ ಎಂದು ಅಲ್ಲೇ ತೀರ್ಮಾನ ಮಾಡಿದೆ. ಜೇಬಿನಲ್ಲಿ ಇಕ್ಕಳ ತುರುಕಿಕೊಂಡಿದ್ದ ರಾಚಪ್ಪ, ತಾನು ಗಂಟು ಬಿಚ್ಚಲೇ ಇಲ್ಲ, ಚಹಾ ಬರುವವರೆಗೆ ಕಟ್ಟೆಯ ಮೇಲೆ ನಿದ್ದೆ ಹೊಡೆದೆ ಎಂದ. ಬಾಗಿಲ ಮೇಲಿನ ಹೆಸರಿನ ಬಗ್ಗೆ ಕೇಳಿದ್ದಕ್ಕೆ, ಆರು ವರ್ಷ ಇದನ್ನ ತೊಳದಾಂವ ಯಾರು, ನೀವೇನ್ರಿ ಎಂದು ನಮ್ಮನ್ನೇ ಹಂಗಿಸಿದ.

ಗಿರಿಮಲ್ಲಪ್ಪನವರು ಬಿಳಿ ಜುಬ್ಬಾದಲ್ಲಿ ಹಾರಗಳನ್ನು ಎಣಿಸುತ್ತಿದ್ದರು. ಗೂಟ ಕಿತ್ತ ಸುದ್ದಿ ಹೇಳಿದಾಗ ಅಯ್ಯೋ ಪಾಪ ಎಂದರು. ಆಮೇಲೆ, ಖಾಲಿ ಸರಪಳಿ ಬನಹಟ್ಟಿಯ ಮನೆಮನೆಗೂ ಹತ್ತು ಸಿಗುತ್ತದೆ, ಇನ್ನು ಆ ವಿಷಯ ಬಿಡುವುದೇ ಮರ್ಯಾದೆ ಎಂದರು. ಆ ಇಲ್ಲದ ಹಲ್ಲು? ಅದನ್ನು ಮಕ್ಕಳ ನಗುವಿಗಾಗಿ ಬೇಕೆಂದೇ ಬಿಟ್ಟದ್ದು ತಾವೇ ಎಂದರು. ಇದೆಲ್ಲ ಮಾಡುವಾಗ ಮಗ್ಗದ ಕೆಲಸ ನಿಮಗೂ ಸ್ವಲ್ಪ ತಿಳಿದಿರಬೇಕಲ್ಲ ಎಂದು ದೊಡ್ಡವ್ವ ಕೇಳಿದಳು.

"ನಮ್ಮದು ಸಾಲಿ ಮಾಸ್ತರರ ಮನಿತನರೀ ಬಾಯಾರ. ಮಗ್ಗದ ಮುಂದ ನಾ ಎಂದೂ ಕೂತಾಂವಲ್ಲ, ಗೂಟ ಮುಟ್ಟಿದಾಂವಲ್ಲ."

ಆ ಮಾತನ್ನು ನಾನು ಅವರೆದುರೇ ಡೈರಿಯಲ್ಲಿ ಬರೆದುಕೊಂಡೆ. ಅವರು ನನ್ನತ್ತ ನೋಡಲೂ ಇಲ್ಲ.

ನಾಲ್ಕು ಗಂಟೆಗೆ ಭವನ ತುಂಬಿತು. ವೇದಿಕೆಯ ಟೀವಿಯಲ್ಲಿ ಹಳೇ ಕ್ಯಾಸೆಟ್ಟು ಹಾಕಿದರು. ಗಂಗಾರಾಮರು ಬಂಡಿಯ ಮೂಗು ತಟ್ಟಿ ಹಲ್ಲಿನ ಮಾತು ಹೇಳಿದಾಗ ಇಡೀ ಸಭೆ ಅವರ ಜೊತೆ ಹೇಳಿತು. ಕೆಲವರು ಕಣ್ಣೊರೆಸಿಕೊಂಡರು. ಆಗ ದೊಡ್ಡವ್ವ ಎದ್ದು ಗೂಳಪ್ಪನವರಲ್ಲಿ ಒಂದು ವಿನಂತಿ ಮಾಡಿದಳು. ಸರಪಳಿ ಹಾಳಾಗಿದೆ, ಪರೀಕ್ಷೆ ನಡೆಯುವಂತಿಲ್ಲ. ಆದರೂ ಸತ್ತ ನಟನ ಗೌರವಕ್ಕೆ, ದೀಪ ಹಚ್ಚುವ ಬದಲು, ಹಿರಿಯರು ಮೂವರು ಒಂದೊಂದು ಗೂಟ ಹಾಕಲಿ.

ಗೂಳಪ್ಪನವರು ಗೂಟವನ್ನು ಅಂಗೈಯಿಂದ ಗುದ್ದಿದರು, ಅದು ಉರುಳಿ ಬಿತ್ತು. ರಾಚಪ್ಪ ಇಕ್ಕಳದ ಹಿಡಿಯಿಂದ ಬಡಿದ, ಗೂಟ ಮುರಿಯಿತು, ಸಭೆ ನಕ್ಕಿತು. ಗಿರಿಮಲ್ಲಪ್ಪನವರು ಆ ನಗುವಿಗೆ ತಾವೂ ನಗುತ್ತ, ಸಭೆಯತ್ತಲೇ ಮುಖವಿಟ್ಟು, ಗೂಟದ ತುದಿಯನ್ನು ನಾಲಿಗೆಗೆ ತಾಗಿಸಿ, ತೂತಿಗಿಟ್ಟು ಅರ್ಧ ಸುತ್ತು ತಿರುವಿದರು. ಅದು ಗಟ್ಟಿ ಕೂತಿತು.

ಸಭೆಯಲ್ಲಿದ್ದ ಬನಹಟ್ಟಿಯ ನೇಕಾರರೆಲ್ಲ ಮುಂದೆ ಬಾಗಿ ಅವರ ಕೈ ನೋಡಿದರು.

"ತಾರವ್ವ, ಮಧ್ಯಾಹ್ನ ಬರದದ್ದನ್ನ ಓದವಾ," ಎಂದಳು ದೊಡ್ಡವ್ವ.

ನಾನು ಕಾಲೇಜಿನಲ್ಲಿ ಹಾಜರಿ ಹೇಳಲೂ ನಾಚುತ್ತಿದ್ದವಳು. ಆ ದಿನ ಎದ್ದು ನಿಂತು ಮಾಸ್ತರರ ಮಾತನ್ನು ಓದಿದೆ: ಮಗ್ಗದ ಮುಂದ ನಾ ಎಂದೂ ಕೂತಾಂವಲ್ಲ, ಗೂಟ ಮುಟ್ಟಿದಾಂವಲ್ಲ. ಓದಿದ್ದು ನನ್ನ ದನಿಯೇ ಎಂದು ನನಗೇ ನಂಬಿಕೆಯಾಗಲಿಲ್ಲ.

ದೊಡ್ಡವ್ವ ಸಭೆಗೆ ಒಂದೊಂದಾಗಿ ಹೇಳಿದಳು. ಗೂಟ ಕಿತ್ತವನು ನೇಕಾರನೆಂದು ಓಣಿ ಹೇಳಿದ್ದು ಸರಿ. ಇಕ್ಕಳದ ಗುರುತಿರಲಿಲ್ಲ, ರಾಚಪ್ಪನಾಗಿದ್ದರೆ ಒಂದಾದರೂ ಗೂಟ ಈಗ ಮುರಿದಂತೆ ಮುರಿಯುತ್ತಿತ್ತು. ಬಾಳು ಒಂಟಿಯಾಗಿ ಸರಪಳಿಯ ಹತ್ತಿರ ಇರಲೇ ಇಲ್ಲ. ಅಂದಮೇಲೆ ಹೊತ್ತು ಸಿಕ್ಕವರಲ್ಲಿ ಒಬ್ಬರು ಮಗ್ಗ ಬಲ್ಲದ್ದನ್ನು ಮುಚ್ಚಿಟ್ಟಿರಬೇಕು. ಕಿತ್ತ ಗೂಟಗಳನ್ನು ಗಂಟಿನಲ್ಲೇ ಬಿಟ್ಟದ್ದು, ಕೈಗೆ ತೂಕ ಕಡಿಮೆ ಅನ್ನಿಸಬಾರದೆಂದು. ಆ ಗಂಟನ್ನು ಕಟ್ಟಿಕೊಟ್ಟವರು ಮಾಸ್ತರರು. ನಾಲಿಗೆ ಸುಳ್ಳು ಹೇಳಿತ್ತು, ಈಗ ಅದೇ ನಾಲಿಗೆ ಗೂಟ ನೆಕ್ಕಿ ಖರೆ ಹೇಳಿತು.

ಗಿರಿಮಲ್ಲಪ್ಪನವರು ಕುರ್ಚಿಯಲ್ಲಿ ಕೂತು ಒಪ್ಪಿಕೊಂಡರು. ಅವರಪ್ಪ ಊರೂರ ಮಗ್ಗಗಳಲ್ಲಿ ಕೂಲಿ ನೇಯ್ದವರಂತೆ. ಹತ್ತು ವರ್ಷದವರೆಗೆ ತಾವೂ ಪಕ್ಕದಲ್ಲಿ ಗೂಟ ಹಾಕಿದವರು. ಮಾಸ್ತರಿಕೆ ಸಿಕ್ಕ ಮೇಲೆ ಅದನ್ನು ಯಾರಿಗೂ ಹೇಳಿರಲಿಲ್ಲ.

"ಟೀವಿಯವರು ಕಳಿಸಿದ ಕಾಗದದಾಗ ಒಂದ ಹೆಸರಿಗೆ ಜಾಗಾ ಇತ್ತು," ಎಂದರು. "ಬಣ್ಣ ನಂದ ಇತ್ತು. ನಂದ ಬರದೆ."

ನನಗೆ ಆ ಕಾಗದ ಕೈಗೆ ಸಿಕ್ಕಿದ್ದರೆ ಅವರ ಮುಖಕ್ಕೆ ಎಸೆಯುತ್ತಿದ್ದೆ. ಒಂದೇ ಸಾಲಿದ್ದರೆ ಕೆಳಗೆ ಇನ್ನೊಂದು ಎಳೆದುಕೊಳ್ಳಲು ಡ್ರಾಯಿಂಗ್ ಮಾಸ್ತರರಿಗೆ ಬರುತ್ತಿರಲಿಲ್ಲವೇ?

ಆದರೂ ಗೂಳಪ್ಪನವರು ಗಂಟಲು ಸರಿಮಾಡಿಕೊಂಡು, ಗೂಟ ಕಿತ್ತವರು ಯಾರೆಂದು ತಿಳಿಯಿತು, ಬಂಡಿ ಮಾಡಿದವರು ಯಾರೆಂದು ತಿಳಿದಂತಾಗಲಿಲ್ಲ ಎಂದರು. ದೊಡ್ಡವ್ವ ಸೀಳಿದ ತೂತಿನ ಪಟ್ಟಿಯನ್ನು ಎತ್ತಿ ಹಿಡಿದಳು. ಎಡದಿಂದ ಮೂರನೆಯದು. ಇದರಲ್ಲಿ ಗೂಟ ನಿಲ್ಲುತ್ತಿರಲಿಲ್ಲ, ಅದಕ್ಕೇ ಎಂಟೂ ಹತ್ತಬೇಕಾದಾಗ ಬಂಡಿಯ ಮೂರನೇ ದೀಪ ಕತ್ತಲು. ಯಾರೂ ನಗುವಿಗಾಗಿ ಬಿಟ್ಟದ್ದಲ್ಲ. ಆಮೇಲೆ ಸಾತವ್ವನನ್ನು ಕರೆದು ಆಕೆಯ ಸೀರೆಯ ದಡಿಯನ್ನು ಟೀವಿಯ ಪಕ್ಕ ಹಿಡಿಸಿದಳು. ತುದಿಯಲ್ಲಿ ಎರಡು ಚುಕ್ಕಿ, ಆಮೇಲೆ ನಾಲ್ಕು, ಆರು, ಬುಡದ ಸಾಲಿನಲ್ಲಿ ಎಂಟಿರಬೇಕಾದಲ್ಲಿ ಏಳು. ದಡಿಯುದ್ದಕ್ಕೂ ಪ್ರತಿ ಗುಡಿಯ ಬುಡದಲ್ಲೂ ಮೂರನೇ ಚುಕ್ಕಿಯಿಲ್ಲ. ಟೀವಿಯಲ್ಲಿ ಬಂಡಿ ಅದೇ ನಗು ನಗುತ್ತಿತ್ತು.

"ಇದರ ತಾರೀಖು ಓದ್ರಿ," ಎಂದು ದೊಡ್ಡವ್ವ ಒಳತುದಿಯನ್ನು ಅಧ್ಯಕ್ಷರಿಗೆ ತೋರಿಸಿದಳು. 'ದಾಗಿ. ೧೪-೩-೭೯.' ತಪ್ಪಿದೆಯೆಂದು ಸಂಘ ಕೊಳ್ಳದೆ ನೇಕಾರನಿಗೇ ತಿರುಗಿಸಿದ ಸೀರೆಯ ಗುರುತು ಅದು. ಬಂಡಿ ಹುಟ್ಟುವುದಕ್ಕೆ ಆರು ವರ್ಷ ಮೊದಲು ಇದೇ ಸರಪಳಿ ಹುಲೆಪ್ಪನ ಮಗ್ಗದ ಮೇಲಿತ್ತು.

ಈ ಠಸ್ಸೆ ಹೊಡೆದವರು ಯಾರು ಎಂದು ಅವರು ಕೇಳಿದರು.

"ನಾನರಿ," ಎಂದಳು ದೊಡ್ಡವ್ವ. ದನಿ ತಗ್ಗಿತ್ತು. "ಪಟ್ಟಿ ಸೀಳೇತಿ, ಈ ಸಲ ಒಂದ ಸಲ ನೋಡ್ರಿ ಅಕ್ಕಾರ ಅಂತ ಹುಲೆಪ್ಪ ಕೈ ಮುಗದಿದ್ದ. ನಾ ಮಾರಿ ಎತ್ತಿ ನೋಡಲಿಲ್ಲ. ಠಸ್ಸೆ ಹೊಡದು ಮುಂದಿಂದು ತಾ ಅಂದೆ."

ಬಾಳು ಬಂಡಿಯ ಪಕ್ಕ ಕೂತು ಸೀರೆಯ ದಡಿ ನೋಡಿ ಗೂಟ ಹಾಕತೊಡಗಿದ. ಮುಕ್ಕಾಲು ತಾಸು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ರಾಚಪ್ಪ ಯಾರೂ ಹೇಳದೆ ಮೋಟರಿನ ತಂತಿ ಜೋಡಿಸಿಕೊಟ್ಟ, ಆಮೇಲೆ ಸೀಳಿದ ತೂತಿಗೆ ಗೋಂದು ಹಾಕಿ ಎಂಟನೆಯದನ್ನೂ ಹತ್ತಿಸಲೇನು ಎಂದು ಕೇಳಿದ. ಸಾತವ್ವ ಬೇಡವೆಂದು ತಲೆಯಾಡಿಸಿದಳು.

ದೀಪ ಹತ್ತಿದವು. ಎರಡು, ನಾಲ್ಕು, ಆರು, ಏಳು. ಕಲ್ಲಿನ ಮೇಲೆ ಮೊದಲೇ ಕೊರೆದಿದ್ದ ಗಿರಿಮಲ್ಲಪ್ಪನವರ ಹೆಸರನ್ನು ಬೆಳಗಾಗುವುದರೊಳಗೆ ಒಡೆಸಿ ಹುಲೆಪ್ಪನ ಹೆಸರು ಕೊರೆಸುವುದಾಗಿ ಗೂಳಪ್ಪನವರು ಸಭೆಯ ಮುಂದೆ ಮಾತು ಕೊಟ್ಟರು. ಆ ಮಾತನ್ನೂ ನಾನು ತಾರೀಖು ಹಾಕಿ ಬರೆದುಕೊಂಡು, ಕೆಳಗೆ ಅವರ ಸಹಿ ಹಾಕಿಸಿಕೊಂಡೆ. ಬಾಯಿಮಾತಿನ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ.

ಹೊರಗೆ ಬಂದಾಗ ದೊಡ್ಡವ್ವ ಸಾತವ್ವನ ಕೈ ಹಿಡಿದುಕೊಂಡಳು.

ಸಾತವ್ವ ಸೀರೆಯ ಆ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಅಂದಳು: "ಅವತ್ತ ನೀವು ಪಾಸ್ ಮಾಡಿದ್ರ ಇದು ಯಾರದೋ ಮೈಮ್ಯಾಲ ಹರದ ಹೋಗತಿತ್ತರಿ ಅಕ್ಕಾರ."